ಓದಿದವರ ಸೋಗು, ಗಿಟಾರಿನ ನಗು

1984ರಲ್ಲಿ ಬಂದ ಒಂದು ಪಾಪ್ ಹಾಡಿನ ನಾಯಕಿ ಕಳವಳದ ಹುಡುಗಿ. ಅವಳ ಚೆಲುವನ್ನು ಹೇಳಬೇಕಾದಾಗ ಹಾಡುಗಾರನಿಗೆ ಚಂದ್ರನೂ ತಾವರೆಯೂ ನೆನಪಾಗುವುದಿಲ್ಲ. ‘ಆನ್ ದಿ ವಾಟರ್‌ಫ್ರಂಟ್’ ಸಿನಿಮಾದ ಇವಾ ಮರೀ ಸೇಂಟ್ ನೆನಪಾಗುತ್ತಾಳೆ. ಹುಡುಗಿ ಓದುವುದು ಸ್ತ್ರೀವಾದಿ ಲೇಖಕಿ ಸಿಮೋನ್ ದ ಬೋವಾ ಅವರನ್ನು. ಹಾಡಿನಲ್ಲಿ ಬರುವ ಹೆದ್ದಾರಿ, ಹಾವು, ಹೆದರಿಕೆ ಎಲ್ಲವೂ ಅಮೆರಿಕದ ಲೇಖಕಿ ಜೋನ್ ಡಿಡಿಯನ್ ಅವರ 1970ರ ಕಾದಂಬರಿಯಿಂದ ಬಂದವು. ಬರೆದವರು ಲಾಯ್ಡ್ ಕೋಲ್. ಗ್ಲಾಸ್ಗೋ ವಿಶ್ವವಿದ್ಯಾಲಯಕ್ಕೆ ತತ್ತ್ವಶಾಸ್ತ್ರ ಓದಲು ಬಂದು, ಅಲ್ಲಿಯೇ ‘ಕಮೋಷನ್ಸ್’ ಎಂಬ ತಂಡ ಕಟ್ಟಿದ್ದರು. ಆಗ ಅವರಿಗೆ 23 ವರ್ಷ. ಹಾಡಿನ ಹೆಸರು ‘ರ್‍ಯಾಟಲ್‌ಸ್ನೇಕ್ಸ್’. ಅದೇ ಹೆಸರಿನ ಆಲ್ಬಂ ಬ್ರಿಟನ್ನಿನ ಪಟ್ಟಿಯಲ್ಲಿ 13ನೆಯ ಸ್ಥಾನದವರೆಗೂ ಏರಿತು.

ಇದನ್ನು ತೋರಿಕೆ ಎನ್ನದೆ ಬೇರೇನು ಎನ್ನಬೇಕು? ಓದಿದ್ದನ್ನು ಅಂಗಿಯ ಮೇಲೆ ಹೊಲಿಸಿಕೊಂಡು ಬೀದಿಗೆ ಬಂದಂತಿದೆ. ತೋರಿಕೆಗೆ ಆಯುಷ್ಯ ಕಡಿಮೆ. ಆ ಕಾಲದ ಉಬ್ಬಿದ ಭುಜದ ಕೋಟುಗಳನ್ನೂ ಗಾಳಿಗೆ ನಿಲ್ಲಿಸಿದ ಕೂದಲನ್ನೂ ಈಗ ನೋಡಿದರೆ ನಗು ಬರುತ್ತದೆ. ಈ ಹಾಡಿಗೆ ಮಾತ್ರ ಹಾಗಾಗಲಿಲ್ಲ. 2001ರಲ್ಲಿ ಟೋರಿ ಏಮಸ್ ಅದನ್ನು ಹೆಣ್ಣಿನ ದನಿಯಲ್ಲಿ ಮತ್ತೆ ಹಾಡಿದರು. ಕೋಲ್ ಅವರ ಇನ್ನೊಂದು ಹಾಡು, ಎದೆಯೊಡೆದುಕೊಳ್ಳಲು ತಯಾರಿದ್ದೀಯಾ ಎಂದು ಕೇಳುವಂಥದು. 2006ರಲ್ಲಿ ಗ್ಲಾಸ್ಗೋದ ‘ಕ್ಯಾಮೆರಾ ಅಬ್‌ಸ್ಕ್ಯುರಾ’ ತಂಡ ಲಾಯ್ಡ್‌ನನ್ನು ಹೆಸರು ಹಿಡಿದು ಕರೆದು, ತಯಾರಿದ್ದೇನೆ ಎಂದು ಉತ್ತರದ ಹಾಡನ್ನೇ ಕಟ್ಟಿತು. ಇಪ್ಪತ್ತೆರಡು ವರ್ಷ ಹಳೆಯ ಪ್ರಶ್ನೆಗೆ ಯಾರಾದರೂ ಉತ್ತರ ಕೊಡುತ್ತಾರೆ ಎಂದರೆ ಆ ಪ್ರಶ್ನೆ ಇನ್ನೂ ಬದುಕಿತ್ತು ಎಂದೇ ಅರ್ಥ. ಯಾಕೆ ಬದುಕಿತ್ತು ಎನ್ನುವುದು ನನ್ನನ್ನು ಬಹಳ ಕಾಲದಿಂದ ಕಾಡಿದ ಸಂಗತಿ.

ಕೋಲ್ ಒಬ್ಬರೇ ಆಗಿದ್ದರೆ ವೈಯಕ್ತಿಕ ಚಪಲ ಎಂದು ಬಿಟ್ಟುಬಿಡಬಹುದಿತ್ತು. ಆದರೆ ಎಂಬತ್ತರ ದಶಕದ ಬ್ರಿಟನ್ನಿನಲ್ಲಿ ಇಂಥವರ ಒಂದು ಸಾಲೇ ಇತ್ತು. 1980ರಲ್ಲಿ ಗ್ಲಾಸ್ಗೋದಲ್ಲಿ ಆಲನ್ ಹಾರ್ನ್ ಎಂಬ ಯುವಕ ತನ್ನ ಬಾಡಿಗೆ ಮನೆಯಿಂದಲೇ ‘ಪೋಸ್ಟ್‌ಕಾರ್ಡ್’ ಎಂಬ ಪುಟ್ಟ ರೆಕಾರ್ಡ್ ಕಂಪನಿ ನಡೆಸಿದ. ಅಮೆರಿಕದ ಮೋಟೌನ್ ಕಂಪನಿ ತನ್ನನ್ನು ‘ಯುವ ಅಮೆರಿಕದ ದನಿ’ ಎಂದು ಕರೆದುಕೊಳ್ಳುತ್ತಿತ್ತು. ಹಾರ್ನ್ ಅದನ್ನು ಅಣಕಿಸಿ ‘ಯುವ ಸ್ಕಾಟ್‌ಲೆಂಡಿನ ದನಿ’ ಎಂದು ಬರೆಸಿದ. ಎಡ್ವಿನ್ ಕಾಲಿನ್ಸ್ ಅವರ ‘ಆರೆಂಜ್ ಜ್ಯೂಸ್’ ಅಲ್ಲಿಂದ ಬಂತು. ಈಸ್ಟ್ ಕಿಲ್‌ಬ್ರೈಡ್‌ನ ರಾಡಿ ಫ್ರೇಮ್ ಇನ್ನೂ ಹದಿಹರೆಯದ ಹುಡುಗ. ಅವನ ‘ಅಜ್ಟೆಕ್ ಕ್ಯಾಮೆರಾ’ ಕೂಡ ಅಲ್ಲಿಂದಲೇ ಹೊರಟಿತು. 1982ರಲ್ಲಿ ಮ್ಯಾಂಚೆಸ್ಟರಿನ ಹತ್ತಿರದ ಸ್ಟ್ರೆಟ್‌ಫರ್ಡ್‌ನಲ್ಲಿ ಹದಿನೆಂಟರ ಜಾನಿ ಮಾರ್, ಮನೆಯೊಳಗೇ ಕೂತು ಓದುತ್ತ ಬರೆಯುತ್ತ ಇದ್ದ ಮಾರಿಸ್ಸಿಯ ಬಾಗಿಲು ತಟ್ಟಿದ. ‘ದಿ ಸ್ಮಿತ್ಸ್’ ಹುಟ್ಟಿತು. ಡರಮ್ ಜಿಲ್ಲೆಯ ವಿಟನ್ ಗಿಲ್ಬರ್ಟ್ ಎಂಬ ಹಳ್ಳಿಯಲ್ಲಿ ಪೆಟ್ರೋಲ್ ಬಂಕ್ ನಡೆಸುತ್ತಿದ್ದವರ ಮಗ ಪ್ಯಾಡಿ ಮ್ಯಾಕಲೂನ್ ‘ಪ್ರಿಫ್ಯಾಬ್ ಸ್ಪ್ರೌಟ್’ ಎಂಬ ವಿಚಿತ್ರ ಹೆಸರಿನ ತಂಡಕ್ಕೆ ಹಾಡು ಬರೆಯುತ್ತಿದ್ದ. ಪಾದ್ರಿಯಾಗಲೆಂದು ಸೆಮಿನರಿಯಲ್ಲಿ ಓದಿ ಬಂದಿದ್ದ ಹುಡುಗ ಅವನು.

ಹೊರಗೆ ಕಾಲ ಬೇರೆಯೇ ಇತ್ತು. 1983ರಲ್ಲಿ ಯಮಹಾದ ಡಿಎಕ್ಸ್7 ಕೀಬೋರ್ಡ್ ಮಾರುಕಟ್ಟೆಗೆ ಬಂದಿತ್ತು. ರೇಡಿಯೊ ತುಂಬ ಸಿಂಥಸೈಜರ್‌ಗಳ ಹೊಳಪು. ಇಂಥ ಹೊತ್ತಿನಲ್ಲಿ ಇವರು ಹಿಂದಿನ ತಲೆಮಾರಿನ ಗಿಟಾರನ್ನೇ ಕೈಗೆತ್ತಿಕೊಂಡರು. ಆದರೆ ಅದರಿಂದ ಹಿಂದಿನ ತಲೆಮಾರಿನ ಗರ್ಜನೆಯನ್ನು ತೆಗೆದುಹಾಕಿದರು. ರಾಕ್ ಗಿಟಾರ್ ಎಂದರೆ ಸೊಂಟದ ಕೆಳಗೆ ಇಳಿಬಿಟ್ಟು ಗಂಡಸುತನ ಮೆರೆಸುವ ಸಾಧನವಾಗಿತ್ತು. ಮಾರ್ ಅದನ್ನು ಎದೆಮಟ್ಟಕ್ಕೆ ಏರಿಸಿ, ತಂತಿಗಳನ್ನು ಬಿಡಿಬಿಡಿಯಾಗಿ ಮೀಟಿ, ಒಂದರ ಮೇಲೊಂದು ಪದರ ಹಾಸಿದರು. ಕಾಲಿನ್ಸ್ ‘ವೆಲ್ವೆಟ್ ಅಂಡರ್‌ಗ್ರೌಂಡ್’ನ ಒರಟು ಮೀಟಿಗೆ ‘ಶೀಕ್’ ತಂಡದ ಡಿಸ್ಕೋ ಲಯವನ್ನು ಬೆರೆಸಿದರು. ನಾದ ತಿಳಿಯಾಯಿತು, ಹಗುರಾಯಿತು. ಆ ತಿಳಿ ಜಾಗದಲ್ಲಿ ಮಾತು ಕೇಳಿಸತೊಡಗಿತು.

ಇದರ ಆಕರ್ಷಣೆಗೆ ಜನ ಕೊಡುವ ಮೊದಲ ಕಾರಣ ಹಳೆಯ ದಿನಗಳ ಮೋಹ. ಆಗ ಹರೆಯದಲ್ಲಿದ್ದವರಿಗೆ ಈಗ ಅರವತ್ತು. ತಮ್ಮ ಹರೆಯವನ್ನೇ ಅವರು ಕೇಳಿಸಿಕೊಳ್ಳುತ್ತಾರೆ ಎಂಬ ವಾದ. ನನಗೆ ಇದು ಒಪ್ಪಿಗೆಯಾಗದಿರುವುದಕ್ಕೆ ಕಾರಣ ಸರಳ: ಅಲ್ಲಿ ನನಗೆ ಹಳೆಯ ದಿನಗಳೇ ಇಲ್ಲ. ನಾನು ಈ ಹಾಡುಗಳನ್ನು ಕೇಳಿದ್ದು ತೊಂಬತ್ತರ ದಶಕದ ಮೈಸೂರಿನ ಹಾಸ್ಟೆಲಿನಲ್ಲಿ, ಯಾರೋ ಸೀನಿಯರ್ ಪ್ರತಿ ಮಾಡಿಸಿ ತಂದ ಕ್ಯಾಸೆಟ್ಟಿನಲ್ಲಿ. ಹಾಸ್ಟೆಲಿನ ಬಹುಪಾಲು ಹುಡುಗರಿಗೆ ಇಂಗ್ಲಿಷ್ ಹಾಡು ಎಂದರೆ ಅಬ್ಬರದ ರಾಕ್. ಈ ಸಣ್ಣ ದನಿಯ, ಸ್ವಲ್ಪ ಮೂಗಿನಲ್ಲಿ ಹಾಡುವ ಗಂಡಸರು ಅವರಿಗೆ ತಮಾಷೆ. ನನಗೂ ಅರ್ಧ ಮಾತು ತಿಳಿಯುತ್ತಿರಲಿಲ್ಲ. ಗ್ಲಾಸ್ಗೋ ನನಗೆ ಭೂಪಟದ ಚುಕ್ಕೆ. ಹೆಸರುಗಳು ಮಾತ್ರ ಕಿವಿಗೆ ಅಂಟಿಕೊಂಡವು: ಬೋವಾ, ಮೇಲರ್, ಕೀಟ್ಸ್, ಯೇಟ್ಸ್, ವೈಲ್ಡ್. ಅಲ್ಲಿ ಹುಟ್ಟದವರಿಗೂ, ಆಗ ಹುಟ್ಟಿರದವರಿಗೂ ಈ ಹಾಡು ತಾಗುತ್ತದೆ ಎಂದಮೇಲೆ ಅದರ ಬಲ ನೆನಪಿನಲ್ಲಿಲ್ಲ.

ಎರಡನೆಯ ಕಾರಣ, ಸಾಹಿತ್ಯ ಚೆನ್ನಾಗಿದೆ ಎಂಬುದು. ಇಲ್ಲಿ ಕನ್ನಡದ ಕಿವಿ ಸ್ವಲ್ಪ ಅನುಮಾನದಿಂದ ಕೇಳುತ್ತದೆ. ನಮಗೆ ಹಾಡಿನಲ್ಲಿ ಸಾಹಿತ್ಯ ಹೊಸತಲ್ಲ. 1942ರ ‘ಮೈಸೂರ ಮಲ್ಲಿಗೆ’ ಪುಸ್ತಕವಾಗಿ ಓದಿಸಿಕೊಂಡು, ಆಮೇಲೆ ಗಾಯಕರ ಕಂಠಕ್ಕೆ ಬಂತು. ನಿಸಾರ್ ಅಹಮದ್ ಅವರ ಗೀತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ ‘ನಿತ್ಯೋತ್ಸವ’ 1978ರಲ್ಲಿ ಕ್ಯಾಸೆಟ್ಟಾಗಿ ಮನೆಮನೆ ಸೇರಿತು. ಭಾವಗೀತೆಯಲ್ಲಿ ಕವಿತೆ ಮೊದಲು, ಸ್ವರ ಆಮೇಲೆ. ಗಾಯಕ ಕವಿಯ ಹಿಂದೆ ಒಂದು ಹೆಜ್ಜೆ ಬಿಟ್ಟು ನಡೆಯುತ್ತಾನೆ. ಸ್ವರ ತೆಗೆದರೂ ಕವಿತೆ ಪುಟದ ಮೇಲೆ ನಿಂತಿರುತ್ತದೆ. ಆ ಅಭ್ಯಾಸದಲ್ಲಿ ನಾನು ಕೋಲ್, ಮಾರಿಸ್ಸಿ ಅವರ ಸಾಲುಗಳನ್ನು ಕ್ಯಾಸೆಟ್ ನಿಲ್ಲಿಸಿ ನಿಲ್ಲಿಸಿ ಹಾಳೆಯ ಮೇಲೆ ಬರೆದುಕೊಂಡು ಓದಿ ನೋಡಿದ್ದೇನೆ. ಅಲ್ಲಿ ಅವು ಬಾಡುತ್ತವೆ. ಜಾಣತನ ಕಾಣುತ್ತದೆ, ಕವಿತೆ ಕಾಣುವುದಿಲ್ಲ. ನಾರ್ಮನ್ ಮೇಲರ್‌ನಂಥ ಕಾದಂಬರಿಕಾರನ ಹೆಸರು ಪ್ರಾಸದ ಆಸೆಗೆ ಒಬ್ಬ ದರ್ಜಿಯ ಜೊತೆ ಗಂಟು ಬಿದ್ದಿರುತ್ತದೆ. ಕಾಗದದ ಮೇಲೆ ಅದು ಕಾಲೇಜು ಪತ್ರಿಕೆಯ ಚೇಷ್ಟೆ. ಹಾಡಿದಾಗ ಮಾತ್ರ ಅದರೊಳಗೆ ಬೇರೇನೋ ಅಲುಗುತ್ತದೆ.

ಆ ಬೇರೇನೋ ಎಂಥದು ಎಂದು ಸುಳಿವು ಸಿಕ್ಕಿದ್ದು ಪುಸ್ತಕಗಳಿಂದ. ನಾನು ಬೋವಾ ಅವರ ‘ದಿ ಸೆಕೆಂಡ್ ಸೆಕ್ಸ್’ ಅನ್ನು ಲೈಬ್ರರಿಯಿಂದ ತಂದದ್ದು ಸ್ತ್ರೀವಾದದ ಮೇಲಿನ ಒಲವಿನಿಂದಲ್ಲ. ಹಾಡಿನಲ್ಲಿ ಹೆಸರಿತ್ತು, ಅಷ್ಟೇ. ಓದುವ ಮೊದಲೇ ಅದನ್ನು ಹೆಸರು ಹೊರಗೆ ಕಾಣುವಂತೆ ಕಂಕುಳಲ್ಲಿ ಹಿಡಿದು ಮೆಸ್ಸಿಗೂ ಹೋಗಿದ್ದೆ. ‘ಏನೋ, ಬುದ್ಧಿಜೀವಿ ಆಗ್ಬಿಟ್ಯಾ?’ ಎಂದು ಜೊತೆಯವರು ರೇಗಿಸುತ್ತಿದ್ದರು. ಒಳಗೊಳಗೇ ಖುಷಿ. ಆಮೇಲೆ ನಿಜವಾಗಿಯೂ ಓದತೊಡಗಿದಾಗ ಪುಸ್ತಕ ನನ್ನ ಸೋಗಿಗೆ ಕೇರ್ ಮಾಡಲಿಲ್ಲ. ಅಮ್ಮ ಅಡುಗೆಮನೆಯಲ್ಲಿ ಎಲ್ಲರದ್ದೂ ಮುಗಿದ ಮೇಲೆ ಊಟಕ್ಕೆ ಕೂರುತ್ತಿದ್ದುದನ್ನು ನಾನು ಅಷ್ಟು ವರ್ಷ ನೋಡಿಯೂ ನೋಡಿರಲಿಲ್ಲ ಎಂಬುದನ್ನು ಮುಖಕ್ಕೆ ಹಿಡಿಯಿತು. ಮತ್ತೆ ಹಾಡಿಗೆ ಮರಳಿದಾಗ ಹಾಡು ಬದಲಾಗಿತ್ತು. ಮೊದಲು ಕೇಳಿದಾಗ ಹಾಡುಗಾರ ತಾನು ಓದಿದ್ದನ್ನು ಹೇಳಿಕೊಳ್ಳುತ್ತಿದ್ದಾನೆ ಅನಿಸಿತ್ತು. ಈಗ, ಓದಿದ್ದರಿಂದ ಏನೂ ಬಗೆಹರಿಯದ ಹುಡುಗಿಯೊಬ್ಬಳ ಕಥೆ ಹೇಳುತ್ತಿದ್ದಾನೆ ಅನಿಸಿತು. ಅವಳ ಕೈಯಲ್ಲಿ ಪುಸ್ತಕವಿದೆ, ಹೆದರಿಕೆ ಹಾಗೆಯೇ ಇದೆ. ಅವಳಿಗೆ ಮಾತು ಸಿಕ್ಕಿದೆ, ದಾರಿ ಸಿಕ್ಕಿಲ್ಲ. ಅವಳನ್ನು ಬಣ್ಣಿಸುವವನಿಗೂ ಸಿಕ್ಕಿಲ್ಲ. ಅದಕ್ಕೇ ಸಿನಿಮಾ ತಾರೆಯ ಮುಖವನ್ನು ಸಾಲ ತರುತ್ತಾನೆ.

ಹಾಗಾದರೆ ಈ ಹಾಡುಗಳಲ್ಲಿ ಪುಸ್ತಕದ ಹೆಸರು ಒಡವೆಯಲ್ಲ, ಪಾತ್ರದ ಗುಣ. ಹೆಸರು ಹೇಳುವವನು ಎಂಥವನು ಎಂದು ಆ ಹೆಸರೇ ಹೇಳಿಬಿಡುತ್ತದೆ. ಸ್ಮಿತ್ಸ್ ತಂಡದ 1986ರ ಆಲ್ಬಂ ‘ದಿ ಕ್ವೀನ್ ಈಸ್ ಡೆಡ್’ನಲ್ಲಿ ಸ್ಮಶಾನದ ಹಾಡೊಂದಿದೆ. ಬಿಸಿಲಿನ ದಿನ ಇಬ್ಬರು ಗೆಳೆಯರು ಗೋರಿಗಳ ನಡುವೆ ಅಡ್ಡಾಡುತ್ತ, ನಿನ್ನ ಕವಿ ದೊಡ್ಡವನೋ ನನ್ನ ಕವಿ ದೊಡ್ಡವನೋ ಎಂದು ಪೈಪೋಟಿಗೆ ಬಿದ್ದಿದ್ದಾರೆ. ಕೀಟ್ಸ್ ಯೇಟ್ಸ್ ಆ ಕಡೆ, ವೈಲ್ಡ್ ಈ ಕಡೆ. ಬೇರೆಯವರ ಸಾಲು ಕದಿಯಬೇಡ ಎಂಬ ಉಪದೇಶವೂ ಬರುತ್ತದೆ. ಉಪದೇಶ ಮಾಡುವವನೇ ಕದ್ದ ಸಾಲುಗಳಲ್ಲಿ ಮಾತಾಡುತ್ತಿರುತ್ತಾನೆ. ಮಾರಿಸ್ಸಿ ಸ್ಯಾಲ್ಫರ್ಡ್‌ನ ಲೇಖಕಿ ಶೀಲಾ ಡಿಲೇನಿ ಅವರ 1958ರ ‘ಎ ಟೇಸ್ಟ್ ಆಫ್ ಹನಿ’ ನಾಟಕದಿಂದ ಧಾರಾಳವಾಗಿ ತೆಗೆದುಕೊಂಡವರು. ಕೃತಿಚೌರ್ಯದ ಮಾತು ಬಂದಾಗ ಹೀಗೆ ನಗುತ್ತ ಉತ್ತರ ಕೊಟ್ಟರು. ಸತ್ತವರೆಲ್ಲ ತಮ್ಮ ಹಾಗೆಯೇ ಪ್ರೀತಿಸಿ ದ್ವೇಷಿಸಿ ಹೋದವರಲ್ಲವೇ ಎಂಬ ನಿಜವಾದ ಸಂಕಟ ಆ ಪೈಪೋಟಿಯ ನಡುವೆ ತಲೆಹಾಕಿ ಹೋಗುತ್ತದೆ. ಅಷ್ಟೂ ಹೊತ್ತು ಮಾರ್ ಅವರ ಗಿಟಾರು ಬಿಸಿಲಿನಲ್ಲಿ ಕುಣಿಯುತ್ತಿರುತ್ತದೆ. ಮಾತು ಗಂಭೀರವಾದಾಗ ತಂತಿ ನಗುತ್ತದೆ, ಮಾತು ಹುಡುಗಾಟಕ್ಕಿಳಿದಾಗ ತಂತಿಯಲ್ಲಿ ವಿಷಾದ ಇಣುಕುತ್ತದೆ. ಹಾಳೆಯ ಮೇಲೆ ಬರೆದುಕೊಂಡಾಗ ಬಿಟ್ಟುಹೋಗುವುದು ಈ ಎರಡನೆಯ ದನಿಯೇ. ಮೊದಲನೆಯದು ತಾನು ಏನಾಗಬೇಕೆಂದುಕೊಂಡಿದ್ದೇನೆ ಎನ್ನುತ್ತದೆ. ಎರಡನೆಯದು ತಾನು ಏನಾಗಿದ್ದೇನೆ ಎಂಬುದನ್ನು ಬಿಟ್ಟುಕೊಡುತ್ತದೆ.

ಯಕ್ಷಗಾನದ ಚೌಕಿಯೊಳಗೆ ಇಣುಕಿದವರಿಗೆ ಗೊತ್ತು: ಅರ್ಧ ಮುಖಕ್ಕೆ ಬಣ್ಣವಾಗಿ, ಇನ್ನರ್ಧ ಬರಿದಾಗಿ ಕನ್ನಡಿಯ ಮುಂದೆ ಕೂತ ವೇಷಧಾರಿ ರಂಗದ ಮೇಲಿನ ರಾಜನಿಗಿಂತ ಕುತೂಹಲದ ಮನುಷ್ಯ. ರಾಜನೂ ಅಲ್ಲೇ ಇದ್ದಾನೆ, ಊರಿನ ಆಸಾಮಿಯೂ ಅಲ್ಲೇ ಇದ್ದಾನೆ. ಈ ಹಾಡುಗಳು ಓದುವ ಹುಡುಗ ಹುಡುಗಿಯರನ್ನು ಹಿಡಿದಿರುವುದು ಆ ಘಳಿಗೆಯಲ್ಲಿ. ಪುಸ್ತಕ ತಮ್ಮನ್ನು ಬೇರೆಯವರನ್ನಾಗಿ ಮಾಡುತ್ತದೆ ಎಂದು ನಂಬಿದ್ದಾರೆ. ಇನ್ನೂ ಆಗಿಲ್ಲ ಎಂದು ಅವರಿಗೆ ಗೊತ್ತಿದೆ. ಆಗುವವರೆಗೆ ಆದವರಂತೆ ನಟಿಸುತ್ತಿದ್ದಾರೆ.

ಇಂಥ ನಟನೆಗೂ ಬಿಡುವು ಬೇಕು, ಕಾಸು ಬೇಕು. ಅವು ಎಲ್ಲಿಂದ ಬಂದವು ಎಂದು ಕೇಳದೆ ಈ ಹಾಡುಗಳನ್ನು ಮೆಚ್ಚುವುದು ಅರ್ಧ ಮೆಚ್ಚಿಕೆ. ಎರಡನೆಯ ಮಹಾಯುದ್ಧದ ನಂತರದ ಬ್ರಿಟನ್ನು ಕಟ್ಟಿಕೊಂಡ ಸಾರ್ವಜನಿಕ ಸೌಲಭ್ಯಗಳ ಕೊನೆಯ ಫಸಲು ಇವರು. 1962ರ ಶಿಕ್ಷಣ ಕಾಯ್ದೆಯಿಂದ ವಿಶ್ವವಿದ್ಯಾಲಯದ ಶುಲ್ಕವೂ, ಮನೆಯ ಆದಾಯ ನೋಡಿ ಕೊಡುವ ಜೀವನಭತ್ಯೆಯೂ ಸರ್ಕಾರದ ಹೊಣೆಯಾಗಿದ್ದವು. ಆದರೂ ಎಂಬತ್ತರ ದಶಕದ ಮೊದಲಲ್ಲಿ ಏಳೆಂಟು ಯುವಕರಲ್ಲಿ ಒಬ್ಬರಷ್ಟೇ ಉನ್ನತ ಶಿಕ್ಷಣಕ್ಕೆ ಹೋಗುತ್ತಿದ್ದರು. ಹಾಗಾಗಿ ಓದು ಕೈಗೆಟುಕುವಂತಿದ್ದರೂ ಮನೆಯಲ್ಲಿ ಅದು ಪರಿಚಿತ ವಸ್ತುವಲ್ಲ. ಹೋಗದವರಿಗೆ ಊರಿನ ಲೈಬ್ರರಿ ಇತ್ತು. ಮಾರಿಸ್ಸಿಯ ತಾಯಿ ಲೈಬ್ರರಿಯಲ್ಲೇ ಕೆಲಸಕ್ಕಿದ್ದವರು. ಇದೇ ಸಾಲಿನ ಹಾಡುಗಾರರಾದ ಟ್ರೇಸಿ ಥಾರ್ನ್ ಮತ್ತು ಬೆನ್ ವಾಟ್ 1981ರಲ್ಲಿ ಭೇಟಿಯಾದದ್ದು ಹಲ್ ವಿಶ್ವವಿದ್ಯಾಲಯದಲ್ಲಿ. ಅಲ್ಲಿನ ಲೈಬ್ರರಿಯ ಮುಖ್ಯಸ್ಥರು ಆಗ ಕವಿ ಫಿಲಿಪ್ ಲಾರ್ಕಿನ್. ಇವರಿಬ್ಬರ ತಂಡಕ್ಕೆ ಹೆಸರು ಮಾತ್ರ ಕವಿತೆಯಿಂದ ಬರಲಿಲ್ಲ. ಊರಿನ ಒಂದು ಪೀಠೋಪಕರಣದ ಅಂಗಡಿಯ ಘೋಷಣೆಯಿಂದ ‘ಎವ್ರಿಥಿಂಗ್ ಬಟ್ ದಿ ಗರ್ಲ್’ ಬಂತು.

1982ರ ಹೊತ್ತಿಗೆ ನಿರುದ್ಯೋಗಿಗಳ ಸಂಖ್ಯೆ ಮೂವತ್ತು ಲಕ್ಷ ದಾಟಿತ್ತು. ಕೆಲಸವಿಲ್ಲ, ಆದರೆ ನಿರುದ್ಯೋಗ ಭತ್ಯೆ ಇತ್ತು. ಹಗಲೆಲ್ಲ ಗಿಟಾರು ಮೀಟಲು ಸಮಯವಿತ್ತು. ಥ್ಯಾಚರ್ ಸರ್ಕಾರ ಸ್ವಂತ ಉದ್ಯೋಗಕ್ಕೆಂದು ಒಂದು ಯೋಜನೆ ತಂದಿತು: ಸಾವಿರ ಪೌಂಡ್ ತೋರಿಸಿದವರಿಗೆ ಒಂದು ವರ್ಷ ವಾರಕ್ಕೆ 40 ಪೌಂಡ್. ಥ್ಯಾಚರ್ ಅವರನ್ನು ಕಂಡರಾಗದ ಎಷ್ಟೋ ಸಂಗೀತಗಾರರು ಆ ಹಣದಲ್ಲೇ ಹಾಡು ಕಟ್ಟಿದರು. ಬಿಬಿಸಿಯಲ್ಲಿ ಜಾನ್ ಪೀಲ್ ರಾತ್ರಿಯ ಹೊತ್ತು ಯಾರೂ ಕೇಳದ ತಂಡಗಳ ರೆಕಾರ್ಡು ಹಾಕುತ್ತಿದ್ದರು. ಒಬ್ಬ ಬಡ ಓದುಗ ಒಂದೆರಡು ವರ್ಷ ಪ್ರಯೋಜನವಿಲ್ಲದವನಾಗಿ ಇರಬಹುದಾದ ವ್ಯವಸ್ಥೆ ಅದು. ಆಮೇಲೆ 1990ರಲ್ಲಿ ವಿದ್ಯಾರ್ಥಿ ಸಾಲ ಬಂತು, 1998ರಲ್ಲಿ ಶುಲ್ಕ ಬಂತು. ಸಾಲ ತಲೆಯ ಮೇಲಿರುವವನು ಓದಿನ ಸೋಗು ಹಾಕುವುದಿಲ್ಲ. ಅವನಿಗೆ ಓದು ಲೆಕ್ಕದ ವಿಷಯ.

ಆದರೆ ಆ ಕಾಲವನ್ನು ಸತ್ಯಯುಗ ಮಾಡುವುದೂ ಬೇಡ. ಪ್ರಿಫ್ಯಾಬ್ ಸ್ಪ್ರೌಟ್ ತಂಡದ ‘ಸ್ಟೀವ್ ಮೆಕ್ವೀನ್’ ಹೊರಬಂದದ್ದು 1985ರ ಜೂನ್‌ನಲ್ಲಿ. ಅದೇ ಮಾರ್ಚ್‌ನಲ್ಲಿ, ವರ್ಷವಿಡೀ ನಡೆದ ಗಣಿ ಕಾರ್ಮಿಕರ ಮುಷ್ಕರ ಸೋಲಿನಲ್ಲಿ ಮುಗಿದಿತ್ತು. ಡರಮ್ ಕಲ್ಲಿದ್ದಲಿನ ನಾಡು. ಮ್ಯಾಕಲೂನ್ ಅವರ ಮನೆಯ ಸುತ್ತಮುತ್ತಲ ಊರುಗಳು ಆ ಸೋಲಿನಲ್ಲಿ ಮುಳುಗಿದ್ದವು. ಆಲ್ಬಮ್ಮಿನಲ್ಲಿ ಅದರ ಸುದ್ದಿಯಿಲ್ಲ. ಪ್ರೀತಿ ಮುರಿಯುವುದು, ದೂರದ ಹಾಡುಗಾರರು, ಆಸೆ, ಪಶ್ಚಾತ್ತಾಪ ಇದೆ. ಬಹಳ ದಿನ ನನಗೆ ಇದು ಪಲಾಯನ ಎಂದೇ ತೋರಿತ್ತು. ಈಗ ಅಷ್ಟು ಖಚಿತವಾಗಿ ಹೇಳಲಾರೆ. ತನ್ನ ಊರು ತನಗೆ ಗೊತ್ತುಮಾಡಿದ ಪಾಲಿಗಿಂತ ಹೆಚ್ಚಿನದನ್ನು ಕೇಳುವುದೂ ಒಂದು ಬಗೆಯ ತಕರಾರೇ. ಪೆಟ್ರೋಲ್ ಬಂಕಿನ ಹುಡುಗನಿಗೆ ಬ್ರಾಡ್‌ವೇ ಸಂಗೀತಗಾರರ ಕುಸುರಿಯ ಸ್ವರಗಳು ಯಾಕೆ ಬೇಕು ಎಂಬ ಪ್ರಶ್ನೆಯನ್ನು ಕೇಳುವವರು ಯಾವಾಗಲೂ ಬಂಕಿನ ಹುಡುಗರಲ್ಲ.

ನನಗೆ ಹೆಚ್ಚು ತೊಂದರೆ ಕೊಡುವ ಸಂಗತಿ ಬೇರೆ. ಈ ಹಾಡುಗಳಲ್ಲಿ ಓದುವ ಹೆಣ್ಣು ಎಲ್ಲೆಲ್ಲೂ ಇದ್ದಾಳೆ. ಆದರೆ ಅವಳು ಓದುವುದನ್ನು ಗಂಡು ನೋಡುತ್ತಾನೆ. ಅವಳ ಕೈಯಲ್ಲಿ ಬೋವಾ ಇರುವುದು ಅವಳಿಗಾಗಿಯೋ, ಅವಳನ್ನು ಬಣ್ಣಿಸುವವನ ಅಭಿರುಚಿಗಾಗಿಯೋ? ಹೆಣ್ಣನ್ನು ವಸ್ತುವಾಗಿ ನೋಡುವ ಕಣ್ಣಿನ ಬಗ್ಗೆಯೇ ಬರೆದ ಪುಸ್ತಕ ಹೆಣ್ಣಿನ ಅಲಂಕಾರವಾಗಿ ಬಂದಿರುವುದರ ವ್ಯಂಗ್ಯ ಹಾಡಿಗೆ ಗೊತ್ತಿದೆಯೇ ಎಂದು ಎಷ್ಟು ಸಲ ಕೇಳಿದರೂ ನನಗೆ ನಿಶ್ಚಯವಾಗಿಲ್ಲ. ಟ್ರೇಸಿ ಥಾರ್ನ್ ಇಲ್ಲಿ ಮುಖ್ಯರಾಗುವುದು ಇದಕ್ಕೆ. ಹಲ್‌ನಲ್ಲಿ ಇಂಗ್ಲಿಷ್ ಸಾಹಿತ್ಯ ಓದುತ್ತಿದ್ದಾಗಲೇ, 1982ರಲ್ಲಿ, ಹೆಚ್ಚುಕಡಿಮೆ ಒಂದು ಗಿಟಾರು ಮತ್ತು ತಮ್ಮ ಕಂಠವನ್ನಷ್ಟೇ ನೆಚ್ಚಿ ‘ಎ ಡಿಸ್ಟೆಂಟ್ ಶೋರ್’ ಎಂಬ ಪುಟ್ಟ ಆಲ್ಬಂ ಮಾಡಿದರು. ಅವರ ಹಾಡಿನಲ್ಲಿ ಪುಸ್ತಕದ ಹೆಸರುಗಳು ಅಷ್ಟಾಗಿ ಮೆರೆಯುವುದಿಲ್ಲ. ಓದು ಅಲ್ಲಿ ವಾಕ್ಯದ ಶಿಸ್ತಾಗಿ ಇಳಿದಿದೆ. ಒಂದು ಸಂಬಂಧದಲ್ಲಿ ಯಾರು ಯಾರನ್ನು ಕಾಯುತ್ತಾರೆ, ಯಾರು ಕಾಯಿಸುತ್ತಾರೆ ಎಂಬುದನ್ನು ನೆಟ್ಟಗೆ ನೋಡುವ ಕಣ್ಣಾಗಿದೆ. ಗಂಡು ಹುಡುಗರು ಓದಿದ್ದನ್ನು ತೊಟ್ಟುಕೊಂಡರು, ಥಾರ್ನ್ ಅದನ್ನು ಬಳಸಿದರು.

ಓದು ಮನುಷ್ಯನನ್ನು ಒಳ್ಳೆಯವನನ್ನಾಗಿ ಮಾಡುತ್ತದೆಯೇ ಎಂಬ ಹಳೆಯ ಪ್ರಶ್ನೆಗೂ ಈ ಸಾಲಿನಲ್ಲೇ ಉತ್ತರವಿದೆ, ಅದು ಹಿತವಾದ ಉತ್ತರವಲ್ಲ. ಒಂಟಿಗಳ, ಅಂಚಿನವರ, ಗೇಲಿಗೊಳಗಾದವರ ಪರವಾಗಿ ಹಾಡಿದ ಮಾರಿಸ್ಸಿ ಮುಂದೆ ಇಸ್ಲಾಂ ವಿರೋಧವನ್ನೇ ಬಂಡವಾಳ ಮಾಡಿಕೊಂಡ ಬಲಪಂಥೀಯ ಪಕ್ಷವೊಂದಕ್ಕೆ ಬೆಂಬಲ ಸೂಚಿಸಿದರು. ಹಳೆಯ ಅಭಿಮಾನಿಗಳಲ್ಲಿ ಎಷ್ಟೋ ಜನ ವಲಸೆ ಬಂದವರ ಮಕ್ಕಳು. ಅವರಿಗೆ ಇದು ಮನೆಯವರೇ ಬಾಗಿಲು ಹಾಕಿಕೊಂಡಂತೆ ಆಯಿತು. 2013ರಲ್ಲಿ ಮಾರಿಸ್ಸಿಯ ಆತ್ಮಕಥೆ ಹೊರಬಂದದ್ದು, ಹೋಮರ್‌ನಂಥವರಿಗೆ ಮೀಸಲಾದ ‘ಪೆಂಗ್ವಿನ್ ಕ್ಲಾಸಿಕ್ಸ್’ ಮಾಲಿಕೆಯಲ್ಲಿ. ಸ್ಮಶಾನದ ಹಾಡು ಬರೆದವರಿಗೆ ಹಿಂದೆ ಇದ್ದ ನಗೆ ಉಳಿದಿದ್ದರೆ ಅದು ಒಳ್ಳೆಯ ತಮಾಷೆಯಾಗುತ್ತಿತ್ತು. 2010ರಲ್ಲಿ ಪ್ರಧಾನಿ ಡೇವಿಡ್ ಕ್ಯಾಮರಾನ್ ತಮಗೆ ಸ್ಮಿತ್ಸ್ ಇಷ್ಟ ಎನ್ನುತ್ತಿದ್ದಾಗ, ಜಾನಿ ಮಾರ್ ಟ್ವಿಟರ್‌ನಲ್ಲಿ ಅವರಿಗೆ ಹಾಗೆ ಇಷ್ಟಪಡುವ ಅನುಮತಿಯಿಲ್ಲ ಎಂದು ಬರೆದರು. ಶುಲ್ಕ ಏರಿಕೆಯ ವಿರುದ್ಧ ವಿದ್ಯಾರ್ಥಿಗಳು ಬೀದಿಗಿಳಿದಿದ್ದ ದಿನಗಳವು. ಮಾರ್ ಅವರ ಮಾತು ನನಗೆ ಇಷ್ಟವಾಯಿತು, ಆದರೆ ಅದು ನಡೆಯುವ ಮಾತಲ್ಲ. ಹಾಡು ಯಾರ ಕಿವಿಗೂ ಹೋಗುತ್ತದೆ. ಬರೆದವನ ಹತ್ತಿರವೇ ಅದು ನಿಲ್ಲುವುದಿಲ್ಲ ಎಂದಮೇಲೆ ಪ್ರಧಾನಿಯ ಹತ್ತಿರ ನಿಲ್ಲುತ್ತದೆಯೇ? ಬರೆದವರು ಗಟ್ಟಿಯಾದ ಮೇಲೂ ಹಾಡು ಮೆತ್ತಗೆ ಉಳಿದಿರುವುದನ್ನು ನೋಡಿ ನಾನು ಕಲಿತದ್ದು ಇಷ್ಟು: ತನ್ನ ಮಾತಿನ ಮೇಲೆ ತಾನೇ ನಗುವ ಶಕ್ತಿ ಒಮ್ಮೆ ಗಳಿಸಿ ಇಟ್ಟುಕೊಳ್ಳುವ ಆಸ್ತಿಯಲ್ಲ.

ಓದು, ಮಾತು, ಜಾಣತನ ಎಲ್ಲ ಕಿತ್ತುಕೊಂಡರೆ ಇವರಲ್ಲಿ ಉಳಿಯುವುದೇನು? ಇದು ಕಲ್ಪನೆಯ ಪ್ರಶ್ನೆಯಾಗಿರಬಹುದಿತ್ತು. ಇಬ್ಬರ ಬದುಕಿನಲ್ಲಿ ನಿಜವಾಗಿ ಎದುರಾಯಿತು. 2005ರ ಫೆಬ್ರವರಿಯಲ್ಲಿ ಎಡ್ವಿನ್ ಕಾಲಿನ್ಸ್ ಅವರಿಗೆ ಮಿದುಳಿನಲ್ಲಿ ರಕ್ತಸ್ರಾವವಾಯಿತು. ಆ ತಲೆಮಾರಿನ ಅತಿ ಚುರುಕು ನಾಲಿಗೆಯ ಮನುಷ್ಯನಿಗೆ ಕೆಲಕಾಲ ಉಳಿದದ್ದು ಹೌದು, ಅಲ್ಲ, ಹೆಂಡತಿ ಗ್ರೇಸ್ ಮ್ಯಾಕ್ಸ್‌ವೆಲ್ ಅವರ ಹೆಸರು, ಮತ್ತು ಸಾಧ್ಯತೆಗಳಿಗೆ ಕೊನೆಯಿಲ್ಲ ಎಂಬ ಅರ್ಥದ ಒಂದು ವಾಕ್ಯ. ಓದುವುದನ್ನು, ಬರೆಯುವುದನ್ನು ಮೊದಲಿನಿಂದ ಕಲಿತರು. ಬಲಗೈ ಸೋತದ್ದರಿಂದ ಎಡಗೈಯಲ್ಲಿ ಸ್ವರ ಹಿಡಿದು, ತಂತಿ ಮೀಟಲು ಇನ್ನೊಬ್ಬರ ಕೈ ಪಡೆದರು. 2010ರ ‘ಲೂಸಿಂಗ್ ಸ್ಲೀಪ್’ ಆಲ್ಬಮ್ಮಿಗೆ ಹಳೆಯ ಗೆಳೆಯರಾದ ರಾಡಿ ಫ್ರೇಮ್, ಜಾನಿ ಮಾರ್ ಬಂದು ಸೇರಿದರು. ಅಲ್ಲಿನ ಸಾಲುಗಳಲ್ಲಿ ಒಂದೂ ಶ್ಲೇಷೆಯಿಲ್ಲ, ಕೊಂಕಿಲ್ಲ; ನಿದ್ದೆ ಬರುತ್ತಿಲ್ಲ, ದಾರಿ ಹುಡುಕುತ್ತಿದ್ದೇನೆ ಎಂಬಂಥ ಬಿಡಿ ಮಾತು. ಆದರೂ ಅದು ಕಾಲಿನ್ಸ್ ಅವರೇ ಎಂದು ತಕ್ಷಣ ಗುರುತು ಸಿಗುತ್ತದೆ. ಚುರುಕು ಮಾತಿನ ಅಡಿಯಲ್ಲಿ ಮೊದಲಿನಿಂದಲೂ ಇದ್ದ ಹಂಬಲ ಈಗ ಅಂಗಿ ಕಳಚಿ ನಿಂತಿತ್ತು.

ಮ್ಯಾಕಲೂನ್ ಅವರಿಂದ ಹೋದದ್ದು ಓದು. ತೊಂಬತ್ತರ ದಶಕದ ಕೊನೆಯಲ್ಲಿ ಕಣ್ಣಿನ ಅಕ್ಷಿಪಟಲ ಕಳಚಿ, ಶಸ್ತ್ರಚಿಕಿತ್ಸೆಯಾಗಿ, ಪುಸ್ತಕ ಹಿಡಿಯುವಂತಿರಲಿಲ್ಲ. ಅವರು ರೇಡಿಯೊ ಕೇಳುತ್ತ ಮಲಗಿದರು. ರಾತ್ರಿಯ ಕಾರ್ಯಕ್ರಮಗಳಿಗೆ ಫೋನು ಮಾಡಿ ಗೋಳು ತೋಡಿಕೊಳ್ಳುವ ಅಪರಿಚಿತರ ಮಾತುಗಳನ್ನು ರೆಕಾರ್ಡ್ ಮಾಡಿ, ಚೂರುಗಳನ್ನು ಹೆಣೆದರು. 2003ರಲ್ಲಿ ಬಂದ ‘ಐ ಟ್ರಾಲ್ ದಿ ಮೆಗಾಹರ್ಟ್ಸ್’ನ ಹುಟ್ಟು ಅದು, ಮೊದಲ ಹಾಡೇ 22 ನಿಮಿಷದ್ದು. ಮುಂದೆ ಕಿವಿಗೂ ತೊಂದರೆ ಬಂತು. 2007ರಲ್ಲಿ ‘ಸ್ಟೀವ್ ಮೆಕ್ವೀನ್’ ಮರುಮುದ್ರಣವಾದಾಗ, ಅದರ ಎಂಟು ಹಾಡುಗಳನ್ನು ಅವರು ಹೊಸದಾಗಿ ಹಾಡಿ ಸೇರಿಸಿದರು. ನಿರ್ಮಾಪಕ ಥಾಮಸ್ ಡಾಲ್ಬಿ ಮೂಲದಲ್ಲಿ ತೊಡಿಸಿದ್ದ ಮಿನುಗು ನಾದಗಳಿಲ್ಲ. ಗಿಟಾರು, ಐವತ್ತರ ಹತ್ತಿರದ ಕಂಠ, ಅಷ್ಟೇ. ಎರಡನ್ನೂ ಒಂದಾದ ಮೇಲೊಂದು ಕೇಳಬೇಕು. ಹರೆಯದ ಹುಡುಗ ಪ್ರೀತಿ ಮುರಿಯುವುದರ ಬಗ್ಗೆ ಬರೆದಾಗ ಅದು ಅವನು ಊಹಿಸಿಕೊಂಡ ವಯಸ್ಸು. ಅದೇ ಮಾತುಗಳು ಇಲ್ಲಿ ವಯಸ್ಸನ್ನು ತಲುಪಿವೆ. ಸೋಗಾಗಿ ತೊಟ್ಟದ್ದು ಮೈಯ ಅಳತೆಗೆ ಬಂದಿದೆ.

ಈ ಎಂಟು ಹಾಡುಗಳು ನನ್ನ ಪ್ರಶ್ನೆಗೆ ಸಿಕ್ಕ ಉತ್ತರ. ಸೋಗು ಸುಳ್ಳಿನ ಜಾತಿಯದಲ್ಲ, ಅದು ಮುಂಗಡ. ನಾಳೆ ಆಗಬೇಕಾದವನ ಹೆಸರಿನಲ್ಲಿ ಇವತ್ತು ಪಡೆದ ಸಾಲ. ಕೆಲವರು ತೀರಿಸುತ್ತಾರೆ, ಕೆಲವರು ತಪ್ಪಿಸಿಕೊಳ್ಳುತ್ತಾರೆ. ಪಡೆಯದವರಂತೂ ಎಲ್ಲಿದ್ದರೋ ಅಲ್ಲೇ ಇರುತ್ತಾರೆ. ಬೋವಾ ಅವರನ್ನು ಕಂಕುಳಲ್ಲಿ ಹಿಡಿದು ತಿರುಗದಿದ್ದರೆ ನಾನು ಆ ಪುಸ್ತಕ ತೆರೆಯುತ್ತಲೇ ಇರಲಿಲ್ಲ. ಗ್ಲಾಸ್ಗೋದಲ್ಲಿ ಕೂತು ಕ್ಯಾಲಿಫೋರ್ನಿಯಾದ ಹೆದ್ದಾರಿಯ ಕನಸು ಕಂಡ ಲಾಯ್ಡ್ ಕೋಲ್ ಮುಂದೆ ಅಮೆರಿಕಕ್ಕೇ ಹೋಗಿ ನೆಲೆಸಿದರು. ಹಾಡಿನ ಅಮೆರಿಕವಲ್ಲ ಅದು, ಮಕ್ಕಳನ್ನು ಬೆಳೆಸುವ ಅಮೆರಿಕ. ಈಗಲೂ ಹಳೆಯ ಹಾಡುಗಳನ್ನು ಒಂಟಿ ಗಿಟಾರಿನೊಂದಿಗೆ ಹಾಡುತ್ತಾರೆ.

ಇವತ್ತಿನ ಹುಡುಗ ಹುಡುಗಿಯರಿಗೂ ಈ ಹಾಡುಗಳು ತಾಗುವುದರ ಗುಟ್ಟು ಇಲ್ಲಿಯೇ ಇರಬೇಕು. ಹಾಡಿನೊಳಗಿನ ಹೆಸರು ಯಾರದು ಎಂದು ತಿಳಿಯಲು ಅವರು ನನ್ನಂತೆ ವರ್ಷಗಟ್ಟಲೆ ಕಾಯಬೇಕಿಲ್ಲ, ಫೋನು ಕ್ಷಣದಲ್ಲಿ ಹೇಳುತ್ತದೆ. ಆದರೆ ಅದೇ ಫೋನು ಅವರ ಪ್ರತಿ ನಟನೆಯನ್ನೂ ಹಿಡಿದು ಗೇಲಿ ಮಾಡಲು ಕಾದಿರುತ್ತದೆ. ದಪ್ಪ ಪುಸ್ತಕದ ಜೊತೆ ಫೋಟೊ ಹಾಕಿದವರನ್ನು ನಿಜವಾಗಿ ಓದಿದ್ದೀಯಾ ಎಂದು ಕೇಳುವ ನೂರು ಜನರಿದ್ದಾರೆ. ಓದಿಲ್ಲದಿರಬಹುದು, ಓದುವವರಾಗಬೇಕು ಎಂಬ ಆಸೆಯಂತೂ ಇದೆ. ಆ ಆಸೆಯನ್ನು ಗೇಲಿ ಮಾಡಿ ಓಡಿಸಿದರೆ ಆಮೇಲೆ ಅವರನ್ನು ಪುಸ್ತಕದ ಹತ್ತಿರ ಕರೆತರುವ ಬೇರೆ ದಾರಿ ನಮ್ಮಲ್ಲಿಲ್ಲ. ಜೊತೆಗೆ ಇನ್ನೊಂದು ಮಾತೂ ನಿಜ: ನಗೆಯಿಲ್ಲದ ಸೋಗು ಕ್ರಮೇಣ ಮುಖಕ್ಕೇ ಅಂಟಿಕೊಳ್ಳುತ್ತದೆ, ಅದರ ಉದಾಹರಣೆಯೂ ಈ ಸಾಲಿನಲ್ಲೇ ಇದೆ. ದೊಡ್ಡವರಂತೆ ನಟಿಸಬೇಕು, ನಟಿಸುತ್ತಿದ್ದೇನೆ ಎಂದು ಗೊತ್ತಿರಬೇಕು. ಎರಡೂ ಒಟ್ಟಿಗಿರುವುದು ಬದುಕಿನಲ್ಲಿ ಕಷ್ಟ. ಮೂರು ನಾಲ್ಕು ನಿಮಿಷದ ಮಟ್ಟಿಗಾದರೂ ಅದು ಸಾಧ್ಯ ಎಂದು ತೋರಿಸಿದ್ದಕ್ಕೇ ನಾನು ಈ ಹಾಡುಗಳಿಗೆ ಋಣಿ.